ಹೆಸರು ಹೇಳದ ಮನೆ

"ಆಶ್ರಯದ ಅರ್ಜಿಗಳು ಅರ್ಧಕ್ಕೆ ಇಳಿದಿವೆಯಂತೆ, ಪತ್ರಿಕೆಯವರು ಬರೆಯುತ್ತಾರೆ," ಫ್ರೌ ಹೋಲ್ಜರ್ ಮೇಜು ಕುಟ್ಟಿದರು. "ಹಾಗಾದರೆ ನಮ್ಮ ಮೆಟ್ಟಿಲ ಮೇಲೆ ಮಾತ್ರ ನಿರಾಶ್ರಿತರು ಹೆಚ್ಚುತ್ತಿರುವುದು ಹೇಗೆ?"

ಜರ್ಮನಿಯ ಗಾರ್ಕಿಂಗ್‌ನ ಒಂದು ಹೋಟೆಲಿನ ಹಿಂಬದಿ ಕೋಣೆಯಲ್ಲಿ ಅಪಾರ್ಟ್‌ಮೆಂಟ್ ಮಾಲೀಕರ ವಾರ್ಷಿಕ ಸಭೆ. ಚಾವಣಿ ದುರಸ್ತಿ, ಸೈಕಲ್ ಷೆಡ್ಡು ಎಲ್ಲ ಮುಗಿದು ಕೊನೆಯ ವಿಷಯ ಬಂದಿತ್ತು. ಯಾವುದೋ ಒಂದು ಮನೆಯಲ್ಲಿ ಆಶ್ರಯ ಕೇಳಿ ಬಂದವರನ್ನು ಗುಟ್ಟಾಗಿ ತುಂಬಿಕೊಳ್ಳುತ್ತಿದ್ದಾರೆ ಎಂಬ ದೂರು.

"ಆಗಾಗ ಹೊಸ ಮುಖಗಳು. ಬಾಗಿಲಾಚೆ ಶೂಗಳ ರಾಶಿ. ಒಮ್ಮೆ ಬಾಗಿಲು ತೆರೆದಾಗ ಕಣ್ಣಾರೆ ನೋಡಿದೆ, ನೆಲದ ಮೇಲೆಲ್ಲ ಹಾಸಿಗೆ!"

"ಯಾವ ಮನೆ?" ಹಿಂದಿನಿಂದ ಯಾರೋ ಕೇಳಿದರು.

"ಡಾಟೆನ್‌ಶುಟ್ಸ್," ಎಂದರು ಕಟ್ಟಡದ ಮ್ಯಾನೇಜರ್ ಹೆರ್ ಬ್ರಾಂಡ್. "ಖಾಸಗಿ ಮಾಹಿತಿ. ಸಭೆಯಲ್ಲಿ ಮನೆ ನಂಬರ್ ಹೇಳುವಂತಿಲ್ಲ."

ಹೇಳುವ ಅಗತ್ಯ ಮಾಲೀಕರಲ್ಲೊಬ್ಬನಾದ ಪ್ರಭಂಜನನಿಗೂ ಕಾಣಲಿಲ್ಲ. ಅವನ ಮನೆಯ ಕೆಳಗಿನ ಮಹಡಿಯಲ್ಲಿ ಸಿರಿಯಾದ ನಬೀಲ್ ಹದ್ದಾದ್ ಬಾಡಿಗೆಗಿದ್ದ. ಅವನ ತಮ್ಮ ಹೊಸದಾಗಿ ಬಂದಿದ್ದ. ಅರ್ಜಿ ಇನ್ನೂ ಬಾಕಿ. ಶಿಬಿರದ ಗದ್ದಲದಲ್ಲಿ ನಿದ್ದೆ ಬಾರದೆ ವಾರಾಂತ್ಯಕ್ಕೆ ಅಣ್ಣನ ಮನೆ ಸೇರುತ್ತಿದ್ದ. ಇದನ್ನು ನಂಬಿಕೆಯಿಂದ ಹೇಳಿದವನು ನಬೀಲನೇ.

ಬ್ರಾಂಡ್ ಗೊತ್ತುವಳಿ ಓದಿದರು. ಮನೆಯನ್ನು ಪರಿಶೀಲಿಸಿ, ಅಲ್ಲಿರುವ ಹೆಚ್ಚುವರಿ ಜನರನ್ನು ಹೊರಗೆ ಕಳಿಸುವುದು. ಒಪ್ಪುವವರು ಕೈ ಎತ್ತಿ.

ಅರ್ಧದಷ್ಟು ಕೈಗಳು ಎದ್ದವು. ಅರ್ಧ ಏಳಲಿಲ್ಲ. ಆಮೇಲೆ ಎಲ್ಲರೂ ಪ್ರಭಂಜನನತ್ತ ತಿರುಗಿದರು.

ಆ ಕೋಣೆಯಲ್ಲಿ ಕಂದು ಬಣ್ಣದವನು ಅವನೊಬ್ಬನೇ. ಈ ನೋಟ ಅವನಿಗೆ ಹೊಸದಲ್ಲ. ಈಚೆಗೆ ಯೂ-ಬಾನ್‌ ರೈಲಿನಲ್ಲೂ ಹೀಗೆಯೇ ನೋಡುತ್ತಿದ್ದರು. ಸಂಶೋಧನಾ ಸಂಸ್ಥೆಯ ಬ್ಯಾಡ್ಜನ್ನು ಕೋಟಿನ ಹೊರಕ್ಕೆ ಎಳೆದುಕೊಳ್ಳುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

"ಹೆರ್ ಡಾಕ್ಟರ್, ನೀವು ತಟಸ್ಥರಾಗಿರಬಹುದು," ಬ್ರಾಂಡ್ ದನಿ ತಗ್ಗಿಸಿದರು. "ನಿಮ್ಮ ಪರಿಸ್ಥಿತಿ ನಮಗೆ ಅರ್ಥವಾಗುತ್ತದೆ."

ಆ ಕನಿಕರ ಅವನನ್ನು ಚುಚ್ಚಿತು. ತಾನು ಆ ನಿರಾಶ್ರಿತರಂಥವನಲ್ಲ. ಕರೆಸಿಕೊಂಡರು, ಬಂದೆ. ತೆರಿಗೆ ಕಟ್ಟುತ್ತೇನೆ. ಮನೆ ಕೊಂಡಿದ್ದೇನೆ.

"ನಿಯಮ ಎಲ್ಲರಿಗೂ ಒಂದೇ," ಎಂದು ಕೈ ಎತ್ತಿದ.

ಫ್ರೌ ಹೋಲ್ಜರ್ ಎದ್ದು ಬಂದು ಅವನ ಕೈ ಕುಲುಕಿದರು. "ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಇದಕ್ಕೆ ಧೈರ್ಯ ಬೇಕು."

ಮನೆಗೆ ಬಂದು ಆ ಕೈಯನ್ನು ಸೋಪು ಹಾಕಿ ತೊಳೆದ. ಹೆಂಡತಿ ಶಾಮಲಾಗೆ ಹೆರಿಗೆ ನೋವು ಬಂದ ದಿನ ಅವನು ಕಲೋನ್‌ನಲ್ಲಿ ಯಾವುದೋ ಸಮ್ಮೇಳನದಲ್ಲಿ ಭಾಷಣ ಮಾಡುತ್ತಿದ್ದ. ಅವಳನ್ನು ಆಸ್ಪತ್ರೆಗೆ ಸೇರಿಸಿದವನು ನಬೀಲ್. ಮಗಳು ಸಾನ್ವಿಯನ್ನು ಅಪ್ಪನಿಗಿಂತ ಮೊದಲು ಎತ್ತಿಕೊಂಡವಳು ನಬೀಲನ ಹೆಂಡತಿ. ಕೈ ಇನ್ನೊಮ್ಮೆ ತೊಳೆದ.

ಅಡುಗೆಮನೆಯಲ್ಲಿ ಅಭಿನವ ಮತ್ತು ಅವನ ಗೆಳೆಯರು ಚಿತ್ರಾನ್ನದ ಪಾತ್ರೆ ಖಾಲಿ ಮಾಡುತ್ತಿದ್ದರು. ಮೈಸೂರಿನಿಂದ ಓದಲು ಬಂದು ಇನ್ನೂ ರೂಮ್ ಸಿಗದ ಹುಡುಗರು.

"ಏನ್ ಮಗಾ, ಆ ರೂಮ್ ನೋಡಕ್ಕೆ ಹೋಗಿದ್ಯಲ್ಲ?" ಅಭಿನವ ಒಬ್ಬನನ್ನು ಕೇಳಿದ.

"ಕ್ಯೂ ನೋಡ್ಬಿಟ್ಟು ವಾಪಸ್ ಬಂದೆ ಗುರು. ಅಸೈಲಮ್ ಹಾಕಿದ್ರೆ ಬೇಗ ಮಂಚ ಸಿಗತ್ತೇನೋ."

ಹುಡುಗರು ನಕ್ಕರು. ಶಾಮಲಾಳೂ ನಕ್ಕಳು.

"ಅದರಲ್ಲಿ ನಗೋದೇನಿದೆ?" ಪ್ರಭಂಜನ ರೇಗಿದ.

"ಅಯ್ಯೋ, ಸುಮ್ನೆ ತಮಾಷೆಗೆ ಅಂದ್ವಿ ಸರ್."

"ಯಾಕ್ರೀ, ಮೀಟಿಂಗಲ್ಲಿ ಏನಾದ್ರೂ ಆಯ್ತಾ?" ಶಾಮಲಾ ಕೇಳಿದಳು.

"ಏನಿಲ್ಲ. ಚಾವಣಿ ರಿಪೇರಿ."

ತಪಾಸಣೆ ಶನಿವಾರ ಬೆಳಿಗ್ಗೆ ಎಂದು ಸಭೆಯಲ್ಲೇ ತೀರ್ಮಾನವಾಗಿತ್ತು. ಅಲ್ಲಿಯವರೆಗೆ ನಬೀಲ್ ಎದುರಾದಾಗಲೆಲ್ಲ ಪ್ರಭಂಜನ ಫೋನ್ ಕಿವಿಗಿಟ್ಟುಕೊಂಡು ದಾಟಿದ. ಶನಿವಾರ ತಡೆಯಲಾಗಲಿಲ್ಲ. ಹುಡುಗರು ಏಳುವ ಮೊದಲೇ ಕೆಳಗಿಳಿದು ಹದ್ದಾದ್ ಮನೆಯ ಬೆಲ್ ಒತ್ತಿದ.

"ಇವತ್ತು ತಪಾಸಣೆಗೆ ಬರ್ತಿದಾರೆ. ನಿನ್ನ ತಮ್ಮನನ್ನು ಈಗಲೇ ಕಳಿಸಿಬಿಡು."

ನಬೀಲನ ಮುಖ ಬಿಳಿಚಿಕೊಂಡಿತು. ತಮ್ಮ ಏನೂ ಕೇಳಲಿಲ್ಲ. ಇಂಥದ್ದು ಅವನಿಗೆ ರೂಢಿಯಾದಂತಿತ್ತು. ಚಹಾ ಅರ್ಧಕ್ಕೇ ಬಿಟ್ಟು, ಬ್ಯಾಗಿಗೆ ಸ್ವೆಟರ್ ತುರುಕಿದ. ಮೆಟ್ಟಿಲಿಳಿಯುವ ಮುಂಚೆ ಪ್ರಭಂಜನನತ್ತ ತಿರುಗಿ, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ ಹೋದ. ಹೊರಗೆ ಹಿಮ ಬೀಳುತ್ತಿತ್ತು.

"ಯಾರು ದೂರು ಕೊಟ್ಟರೋ," ಎಂದ ನಬೀಲ್. "ಈ ಕಟ್ಟಡದಲ್ಲಿ ನಮಗೆ ಅಂತ ಇರುವವರು ನೀವೊಬ್ಬರೇ."

ಪ್ರಭಂಜನ ಅವಸರದಿಂದ ಮೆಟ್ಟಿಲು ಹತ್ತಿದ. ಮೇಲೆ ಬಂದು ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ.

ಸ್ವಲ್ಪ ಹೊತ್ತಿಗೆ ಕೆಳಗೆ ಬೂಟುಗಳ ಸದ್ದು ಕೇಳಿಸಿತು. ಬಂದವರು ಒಬ್ಬರಲ್ಲ. ಮೊದಲ ಸುತ್ತು ಹತ್ತಿದರು. ಹದ್ದಾದ್ ಮನೆಯ ಮಟ್ಟಕ್ಕೆ ಬಂದರು. ಪ್ರಭಂಜನ ಕಣ್ಣು ಮುಚ್ಚಿಕೊಂಡ. ತಾನು ಹೇಳಿದ್ದರಿಂದ ಒಬ್ಬನಾದರೂ ಉಳಿದ ಎಂದುಕೊಂಡ. ಮುಂದಿನ ವಾರ ನಬೀಲನ ಎದುರು ಕೂತು ಎಲ್ಲ ಒಪ್ಪಿಕೊಂಡುಬಿಡಬೇಕು ಎಂದೂ ಅಂದುಕೊಂಡ.

ಬೂಟುಗಳು ಅಲ್ಲಿ ನಿಲ್ಲಲಿಲ್ಲ. ಮೇಲೆ ಬಂದವು. ಬೆಲ್ ಅವನ ಬೆನ್ನ ಹಿಂದೆಯೇ ಬಡಿಯಿತು.

"ಶುಭೋದಯ, ಹೆರ್ ಡಾಕ್ಟರ್. ಸ್ವಂತ ಮನೆಯ ವಿರುದ್ಧವೇ ಕೈ ಎತ್ತಿದ ಮಾಲೀಕರನ್ನು ನಾನು ನೋಡಿದ್ದು ಇದೇ ಮೊದಲು," ಎಂದರು ಬ್ರಾಂಡ್, ಅವನ ಭುಜದಾಚೆಗೆ ಇಣುಕಿ, ಹಾಲ್‌ನ ನೆಲದ ಮೇಲೆ ಸಾಲಾಗಿ ಮಲಗಿದ್ದ ಹುಡುಗರನ್ನು ನೋಡುತ್ತ. "ಇವರೆಲ್ಲ ಯಾವ ದೇಶದಿಂದ ಓಡಿಬಂದವರು?"