ಪೂಜೆಯ ನೀರು

ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೊದಲು ಬರುವುದು ಅಜ್ಜಿಯ ಮೇಲಿನ ಸಿಟ್ಟು.

ವಿದ್ಯಾರಣ್ಯಪುರಂನಲ್ಲಿ ನಮ್ಮ ಮನೆ ಮಹಡಿಯ ಮೇಲಿತ್ತು. ಮೋಟಾರು ಎತ್ತಿದ ನೀರು ಅಜ್ಜಿಯ ಶಿವಪೂಜೆಗೆ ಆಗುತ್ತಿರಲಿಲ್ಲ. ಅಮ್ಮ ಕೆಳಗಿನ ಬಾವಿಯಿಂದ ತಾಮ್ರದ ಕೊಡದಲ್ಲಿ, ಯಾರ ಜೊತೆಗೂ ಮಾತಾಡದೆ ಹೊತ್ತು ತರಬೇಕಿತ್ತು. ತಂದಿಟ್ಟು ಗೋಡೆ ಹಿಡಿದು ನಿಂತರೆ, "ಶುರುವಾಯ್ತು ನಾಟಕ" ಎನ್ನುತ್ತಿದ್ದರು ಅಜ್ಜಿ.

ಒಂದು ದಿನ ಅಮ್ಮ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಅಪ್ಪ ಊರಲ್ಲಿರಲಿಲ್ಲ. ಮಧ್ಯಾಹ್ನ ಅಜ್ಜಿ ಗೊಣಗುತ್ತಲೇ ಬೀದಿ ಕೊನೆಯ ಡಾಕ್ಟರ ಹತ್ತಿರ ಕರೆದೊಯ್ದರು. ನಾನೂ ಹೋದೆ. ಅಲ್ಲೆಲ್ಲ ಸ್ಪಿರಿಟ್ಟಿನ ವಾಸನೆ. ಡಾಕ್ಟರು ಅಮ್ಮನನ್ನು ಜಗಲಿಯಲ್ಲಿ ಅತ್ತಿಂದಿತ್ತ ನಡೆಸಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಅಮ್ಮನ ತುಟಿ ನೀಲಿಯಾಗಿತ್ತು.

"ಯಾವಾಗ್ಯಾವಾಗ ಮೇಲುಸಿರು ಬರುತ್ತಮ್ಮ?"

ಅಮ್ಮ ಇನ್ನೂ ಏದುತ್ತಿದ್ದಳು. ಅಜ್ಜಿ ಹೇಳಿದರು: "ನೀರು ತಾ ಅಂದ್ರೆ ಬರುತ್ತೆ, ಬಟ್ಟೆ ಒಗಿ ಅಂದ್ರೆ ಬರುತ್ತೆ. ಕೂತ್ಕೊಂಡು ಟೀವಿ ನೋಡುವಾಗ ಒಂಚೂರೂ ಇಲ್ಲ ಕಣ್ರೀ. ಮದುವೆ ಆದಾಗಿಂದ್ಲೂ ಹಿಂಗೇ ಮೈಗಳ್ಳಿ."

ಡಾಕ್ಟರು ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡು ಅಜ್ಜಿಯ ಕಡೆ ತಿರುಗಿದರು.

"ಹೃದಯದ ಕಾಯಿಲೆ ಇರೋದೇ ಹಂಗೆ ಅಜ್ಜಿ. ಕೂತಾಗ ಕಾಣಲ್ಲ. ಇನ್ಮೇಲೆ ಇವರು ಭಾರ ಎತ್ತಬಾರದು. ನಾಳೇನೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ."

ಮನೆಗೆ ಬಂದವರೇ ಅಜ್ಜಿ ಅಮ್ಮನಿಗೆ ಚಾಪೆ ಹಾಸಿದರು, ತಲೆಗೆ ದಿಂಬು ಕೊಟ್ಟರು. ಅಜ್ಜಿ ಬದಲಾದರು ಅಂದುಕೊಂಡೆ.

ಆಮೇಲೆ ಕೊಡ ತಂದು ನನ್ನ ಸೊಂಟಕ್ಕಿಟ್ಟರು.

"ನಿಂಗೇನೂ ಕಾಯಿಲೆ ಇಲ್ವಲ್ಲ. ಹೋಗು, ಮಾತಾಡ್ದೆ ತಗೊಂಡು ಬಾ."