ಮೂಗಿಗಷ್ಟೇ ಕಾಫಿ

"ಈ ಮನಿ ಹೆಣ್ಣಮಕ್ಕಳ ಕಾರ್ಯ ಏನ ಆದ್ರೂ ನನ್ನ ಕಂಬಳಿ ಮ್ಯಾಲ ಆಗಬೇಕಲೇ" ಎಂದು ಭೀಮಪ್ಪ ಸಾಯುವ ಮುಂಚೆ ಕೇಳಿದ್ದ. "ಆಗತೈತಿ ಬಿಡಪಾ" ಎಂದು ಜಕ್ಕಪ್ಪ ತಂದೆಯ ಕೈಹಿಡಿದು ಮಾತು ಕೊಟ್ಟಿದ್ದ. ಆಗ ಮಗಳು ರೇಷ್ಮಾ ಇನ್ನೂ ತೊಟ್ಟಿಲಲ್ಲಿದ್ದಳು. ಈಗ ಅವಳದೇ ನಿಶ್ಚಯ ಹತ್ತಿರ ಬಂದಿತ್ತು. ಜಕ್ಕಪ್ಪ ಟ್ರಂಕಿನಿಂದ ಕಂಬಳಿ ತೆಗೆಯುತ್ತಿದ್ದಾಗ ಅವಳು ಹಿಂದೆ ಬಂದು ನಿಂತು, "ಅದನ್ನ ಹಾಸಬ್ಯಾಡಪಾ" ಎಂದಳು.

"ಯಾಕ?"

"ಕುರಿ ವಾಸನಿ ಬರತೈತಿ. ಬೀಗರು ಬನಹಟ್ಟಿ ಮಂದಿ. ಅವರ ಮನ್ಯಾಗ ಕುರಿ ಹೋಗಿ ಎಷ್ಟ ವರ್ಷ ಆತೋ ಏನೋ."

"ಕುರಿ ಕಾಯೋರ ಮನ್ಯಾಗ ಕುರಿ ವಾಸನಿ ಬರದ ಅತ್ತರ ವಾಸನಿ ಬರತೈತೇನ?" ಒಲೆಯ ಮುಂದೆ ಕುಳಿತೇ ತಾಯಿ ಸತ್ಯವ್ವ ನಕ್ಕಳು.

ಜಕ್ಕಪ್ಪ ನಗಲಿಲ್ಲ. "ಅದೊಂದ ಬಿಟ್ಟ ಬ್ಯಾರೆ ಏನರೆ ಕೇಳವಾ" ಎಂದ. ರೇಷ್ಮಾ ಅಪ್ಪನ ಮುಖವನ್ನು ನೋಡಿದಳು. ಇನ್ನು ಹಟ ಮಾಡಿ ಉಪಯೋಗವಿಲ್ಲ ಎನ್ನಿಸಿತೇನೋ, ದನಿ ತಗ್ಗಿಸಿದಳು. "ಹಂಗಾರ ಅಲ್ಲೀಮಟಾ ಅದನ್ನ ನನ್ನ ಕೈಯಾಗ ಕೊಡು. ಝಾಡಿಸಿ, ಛಲೋ ಮಾಡಿ ಇಡತೇನಿ."

"ತೊಳೀಬ್ಯಾಡ ಮತ್ತ."

"ಹನಿ ನೀರ ಮುಟ್ಟಿಸೂದಿಲ್ಲ. ಆತಿಲ್ಲೋ?"

ನೀರು ಮುಟ್ಟಿಸಬಾರದೆಂಬುದರ ಕಾರಣ ಸತ್ಯವ್ವ ಒಬ್ಬಳಿಗೆ ಗೊತ್ತಿತ್ತು. ಪ್ರತಿ ದೀಪಾವಳಿಗೆ ಕಂಬಳಿ ಹೊರಗೆ ತೆಗೆದಾಗ ಜಕ್ಕಪ್ಪ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಅದರೊಳಗೆ ಮುಖ ಹುದುಗಿಸುತ್ತಿದ್ದ. ಅಡವಿಯಲ್ಲಿ ಹಾಕಿದ ಬೆಂಕಿಯ ಹೊಗೆ, ತಂಬಾಕು, ಮಳೆಗೆ ತೊಯ್ದ ಉಣ್ಣೆ, ಎಲ್ಲ ಸೇರಿದ ಆ ವಾಸನೆಯಲ್ಲಿ ಅಪ್ಪ ಇದ್ದ. ಬೇರೆ ಎಲ್ಲಿಯೂ ಇರಲಿಲ್ಲ. ಕುರಿಯ ಬೆನ್ನು ಹತ್ತಿ ಊರೂರು ತಿರುಗಿದ ಆ ಮನುಷ್ಯ ಒಂದು ಫೋಟೋವನ್ನೂ ತೆಗೆಸಿಕೊಂಡಿರಲಿಲ್ಲ. ಒಂದು ಸಲ ಸತ್ಯವ್ವ ಬಾಗಿಲಲ್ಲಿ ನಿಂತು ನೋಡಿಬಿಟ್ಟಿದ್ದಳು. "ಮಾವಾರು ಬಂದ್ರೇನ್ರಿ?" ಎಂದು ಚೇಷ್ಟೆ ಮಾಡಿದರೆ, ಅವನು ಕಣ್ಣೊರೆಸಿಕೊಂಡು "ಬಂದ" ಎಂದಿದ್ದ. ಆಮೇಲೆ ಅವಳು ಆ ಮಾತನ್ನು ಯಾರ ಮುಂದೆಯೂ ಎತ್ತಿರಲಿಲ್ಲ, ಮಗಳ ಮುಂದೆಯೂ.

ರೇಷ್ಮಾ ಮುಧೋಳದ ಒಂದು ಮಂಗಲ ಕಾರ್ಯಾಲಯದಲ್ಲಿ ಕೆಲಸಕ್ಕಿದ್ದಳು. ಕಾರ್ಯವಿದ್ದ ದಿನ ಅಲ್ಲಿ ಬಾಗಿಲ ಪಕ್ಕದಲ್ಲೇ ಕಾಫಿ ಕುದಿಯಬೇಕು, ಅದು ಮಾಲೀಕರ ಕಟ್ಟಪ್ಪಣೆ. ಮುಖ ಗಂಟು ಹಾಕಿಕೊಂಡು ಬಂದ ಬೀಗರೂ ಆ ಘಮಕ್ಕೆ ಸಡಿಲಾಗಿ, ಕುರ್ಚಿ ಎಳೆದುಕೊಂಡು ಕೂರುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಹಾಗಾಗಿ ನಿಶ್ಚಯದ ದಿನ ಮುಂಜಾನೆ ಹುನ್ನೂರಿನ ಈ ಮನೆಯ ಪಡಸಾಲೆಯಲ್ಲೂ ಸಣ್ಣ ಸ್ಟೋವ್ ಉರಿಯತೊಡಗಿತು. ಹೊಸದಾಗಿ ಪುಡಿ ಮಾಡಿಸಿದ ಕಾಫಿಯ ಘಮ ಹಿತ್ತಲಿನ ಕುರಿ ದೊಡ್ಡಿಯವರೆಗೂ ಹೋಯಿತು. ಒಂದು ಟಗರು ಸೀನಿತು.

"ಅವರು ಚಾ ಕುಡಿಯೂ ಮಂದಿ. ಇಷ್ಟ ಕಾಫಿ ಯಾರ ಕುಡೀತಾರ?" ಎಂದು ಸತ್ಯವ್ವ ಗದರಿದಳು.

"ಕುಡ್ಯಾಕ ಚಾನ ಕೊಡೂಣು. ಇದು ಮೂಗಿಗೆ ಬೇ!"

ಅಷ್ಟರಲ್ಲಿ ಜಕ್ಕಪ್ಪ ಕಂಬಳಿ ಕೇಳಿದ. ರೇಷ್ಮಾ ಒಳಗಿನಿಂದ ಅದನ್ನು ಎರಡೂ ಕೈಯಲ್ಲಿ ಹೊತ್ತು ತಂದಳು. ಅವನು ಮಡಿಕೆ ಬಿಚ್ಚುತ್ತಿದ್ದಂತೆ ಕಂದು ಬಣ್ಣದ ಪುಡಿ ನೆಲದ ಮೇಲೆ ಉದುರಿತು.

"ಮಡಿಕಿ ಮಡಿಕಿಗೂ ಕಾಫಿ ಪುಡಿ ಹಾಕಿ ಗಟ್ಟಿ ಕಟ್ಟಿಟ್ಟಿದ್ನಿ. ಎಂಥಾ ವಾಸನಿ ಇದ್ರೂ ಜಗ್ಗಿಬಿಡತೈತಿ. ಈಗ ಮೂಸಿ ನೋಡಪಾ" ಎಂದಳು ರೇಷ್ಮಾ. "ನಿನ್ನ ಮಾತೂ ನಡೀತು, ನನ್ನ ಮಾನಾನೂ ಉಳೀತು."

ಜಕ್ಕಪ್ಪ ಮೂಸಿ ನೋಡಿದ. ಒಂದು ತುದಿ ಬಿಟ್ಟು ಇನ್ನೊಂದು ತುದಿ ಹಿಡಿದ, ಅದನ್ನೂ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಸತ್ಯವ್ವನ ಕೈಯೊಳಗಿನ ಹಿಟ್ಟು ಹಾಗೇ ಉಳಿಯಿತು. ಮಗಳು ಕಣ್ಣರಳಿಸಿ ಅವನನ್ನೇ ನೋಡುತ್ತಿದ್ದಳು.

"ಛಲೋ ಆಗೇತಿ" ಎಂದ ಜಕ್ಕಪ್ಪ. ಹೊರಗೆ ಬನಹಟ್ಟಿಯ ಗಾಡಿ ಬಂದು ನಿಂತಿತು.

ಬೀಗರು ಬಂದರು. ಹೊಸ್ತಿಲು ದಾಟುತ್ತಲೇ ಹುಡುಗನ ತಾಯಿ ಅಂಜನಾ, "ಏನ ಛಂದ ಘಮಾ ಬರಾಕತ್ತೇತ್ರಿ ನಿಮ್ಮ ಮನ್ಯಾಗ!" ಎಂದಳು. ಚಹಾ ಬಂದಾಗ ಹುಡುಗನ ಕಾಕಾ ಕಪ್ಪಿನೊಳಗೆ ಇಣುಕಿ, "ಮೂಗಿಗೊಂದು ಬಾಯಿಗೊಂದು ಮಾಡಿರಲ್ರೀ" ಎಂದು ಎಲ್ಲರನ್ನೂ ನಗಿಸಿದ. ಜಕ್ಕಪ್ಪ ದೇವರ ಕಡೆ ಮುಖ ಮಾಡಿ ಕಂಬಳಿ ಹಾಸಿ, ಬೀರೇಶ್ವರನ ಭಂಡಾರದ ಅರಿಸಿನ ಚೆಲ್ಲಿ, ಮಗಳನ್ನು ಕೂರಿಸಿದ. ಅಂಜನಾ ಉಡಿ ತುಂಬಿದಳು. ಕಂಬಳಿಯ ಅಂಚು ಮುಟ್ಟಿ ನೋಡಿ, "ಇದಕ್ಕ ವಾಸನೀನ ಇಲ್ಲಲ್ರೀ. ನಮ್ಮನ್ಯಾಗೂ ಒಂದ ಇತ್ತ, ಮೂಗ ಹಿಡಕೊಂಡ ತಿರಗೂ ಪಾಳಿ. ಯಾರಿಗೋ ಕೊಟ್ಟಬಿಟ್ಟಿವಿ" ಎಂದಳು. ರೇಷ್ಮಾ ತಲೆ ಬಗ್ಗಿಸಿಕೊಂಡೇ ಅಪ್ಪನ ಕಡೆ ಕಣ್ಣು ಹಾಯಿಸಿ ಸಣ್ಣಗೆ ನಕ್ಕಳು. ಜಕ್ಕಪ್ಪನೂ ನಕ್ಕ.

ಗಾಡಿ ಹೋದ ಮೇಲೆ ರೇಷ್ಮಾ ಸ್ಟೋವ್ ಆರಿಸಿ, ಯಾರೂ ಕುಡಿಯದ ಕಾಫಿಯನ್ನು ಹಿತ್ತಲಿಗೆ ಚೆಲ್ಲಲು ಹೋದಳು. ಜಕ್ಕಪ್ಪ ಕಂಬಳಿಯನ್ನು ಜೋರಾಗಿ ಝಾಡಿಸಿದ, ಇನ್ನೊಮ್ಮೆ ಝಾಡಿಸಿದ. ಆಮೇಲೆ ಅದರೊಳಗೆ ಮುಖ ಹುದುಗಿಸಿ ನಿಂತ. ಬಹಳ ಹೊತ್ತು ನಿಂತ.

ಸತ್ಯವ್ವ ಹತ್ತಿರ ಬಂದಳು. ಈ ಸಲ ಚೇಷ್ಟೆಯ ದನಿ ಇರಲಿಲ್ಲ. "ಮಾವಾರು ಬಂದ್ರೇನ್ರಿ?"

"ಇಲ್ಲ" ಎಂದ ಜಕ್ಕಪ್ಪ.

ಕಂಬಳಿ ಮಡಚಿ ಟ್ರಂಕಿನಲ್ಲಿಟ್ಟ. ಕೊಟ್ಟ ಮಾತಿನಂತೆ ಮಗಳ ನಿಶ್ಚಯ ಭೀಮಪ್ಪನ ಕಂಬಳಿಯ ಮೇಲೆಯೇ ಆಗಿತ್ತು.