ಹೊರಡುವವರ ಕಂಬಳಿ

"ದುರ್ಗದಲ್ಲೇ ಡಾಕ್ಟ್ರು ಸೀಟು ಸಿಕ್ಕೈತೆ, ಇನ್ನೇನ್ ಯೋಚ್ನೆ? ನಮ್ ಕಣ್ಮುಂದೆ ಇರ್ತೀಯ" ಎಂದಳು ಗಂಗಕ್ಕ. ಕುರಿ ರೊಪ್ಪದ ಬಾಗಿಲಲ್ಲಿ ನಿಂತಿದ್ದ ಮಗಳು ಕೀರ್ತನಾ ವಾಯುಪಡೆಯ ಪೈಲಟ್ ತರಬೇತಿಗೂ ಆಯ್ಕೆಯಾಗಿದ್ದಳು. ಮನಸ್ಸು ಅತ್ತಲೇ ಇತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ.

ಅಪ್ಪ ಚಿತ್ತಪ್ಪ ಒಳಗಿನಿಂದ ಹೊಸ ಕರಿಕಂಬಳಿ ತಂದು ಅವಳ ಹೆಗಲಿಗೆ ಹೊದಿಸಿದ. ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೊರಡುವವರಿಗಷ್ಟೇ ಅವರ ಮನೆಯಲ್ಲಿ ಹಾಗೆ ಕಂಬಳಿ ಹೊದಿಸುತ್ತಿದ್ದರು. ಊರಲ್ಲೇ ಉಳಿಯುವವರಿಗಲ್ಲ.

"ಅಪ್ಪಾ, ನಾನಿನ್ನೂ ಏನೂ ಹೇಳೇ ಇಲ್ಲ..."

"ಹೇಳೋದೇನೈತವ್ವ? ನೀನು ಕುರಿ ಕಾಯಾಕೆ ಹೋದ್ರೆ, ವಿಮಾನದ ಸದ್ದಿಗೆ ಮ್ಯಾಲೆ ನೋಡ್ಕಂಡು ನಿಂತುಬಿಡ್ತಿದ್ದೆ. ಕುರಿ ಪಕ್ಕದೋರ ಶೇಂಗಾ ಹೊಲ ಮೇಯ್ದು ಬರ್ತಿದ್ವು."

ಆ ಹೊಲದವರು ಒಂದು ದಿನವೂ ತನ್ನನ್ನು ಗದರಿಸಿರಲಿಲ್ಲ ಎಂಬುದು ಕೀರ್ತನಾಗೆ ನೆನಪಾಯಿತು. ಆ ಬೈಗುಳವನ್ನೆಲ್ಲ ಇಷ್ಟು ವರ್ಷ ಯಾರು ತಿಂದರೆಂಬುದು ಈಗ ತಿಳಿಯಿತು. ಬಗ್ಗಿ ಅಪ್ಪನ ಕಾಲು ಹಿಡಿದಳು.

ಗಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿತ್ತಪ್ಪ ಮಗಳನ್ನು ಎಬ್ಬಿಸಿ, ಜಾರಿದ್ದ ಕಂಬಳಿಯನ್ನು ಮತ್ತೆ ಸರಿಯಾಗಿ ಹೊದಿಸಿದ.

"ಮ್ಯಾಲೆ ಚಳಿ ಜಾಸ್ತಿಯಂತೆ, ಇಟ್ಕ."